ಅಪರಾಧಿ ಎಂದಿತು ಜ್ಯೂರಿ, ಅಧ್ಯಕ್ಷ ಎಂದರು ಮತದಾರರು: ಅಮೆರಿಕದಲ್ಲಿ ಆದದ್ದೇನು?

2025ರ ಜನವರಿ 10ರಂದು ನ್ಯೂಯಾರ್ಕಿನ ನ್ಯಾಯಾಧೀಶ ಹುವಾನ್ ಮರ್ಚಾನ್ ಅವರು ಡೊನಾಲ್ಡ್ ಟ್ರಂಪ್ ಪ್ರಕರಣದಲ್ಲಿ ಶಿಕ್ಷೆ ಪ್ರಕಟಿಸಿದರು. ಸುಳ್ಳು ಲೆಕ್ಕಪತ್ರದ 34 ಆರೋಪಗಳಲ್ಲೂ ಟ್ರಂಪ್ ತಪ್ಪಿತಸ್ಥರು ಎಂದು ಜ್ಯೂರಿ, ಅಂದರೆ ಸಾಮಾನ್ಯ ನಾಗರಿಕರ ಮಂಡಳಿ, ಹೇಳಿ ಆಗಲೇ ಏಳು ತಿಂಗಳು ಕಳೆದಿತ್ತು. ಆದರೂ ಜೈಲಿಲ್ಲ, ದಂಡವಿಲ್ಲ, ಪ್ರೊಬೇಷನ್ ಕೂಡ ಇಲ್ಲ. ಅಪರಾಧಿ ಎಂಬ ದಾಖಲೆ ಮಾತ್ರ ಉಳಿಯಿತು. ಸರಿಯಾಗಿ ಹತ್ತು ದಿನಕ್ಕೆ ಅದೇ ವ್ಯಕ್ತಿ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. 7.7 ಕೋಟಿಗೂ ಹೆಚ್ಚು ಜನ ಅವರಿಗೆ ಮತ ಹಾಕಿದ್ದರು.

ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ತಲೆಬುಡ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ಶಿಕ್ಷೆಗೊಳಗಾದವರು ಚುನಾವಣೆಗೆ ನಿಲ್ಲಬಹುದೇ? ನಿಂತರೂ ಜನ ಯಾಕೆ ಗೆಲ್ಲಿಸಿದರು? ತೀರ್ಪು ಗೊತ್ತಿರಲಿಲ್ಲವೇ, ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೇ? "ಅಲ್ಲಿನ ಜನರಿಗೆ ಬುದ್ಧಿಯಿಲ್ಲ" ಎಂದುಬಿಡುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಟ್ರಂಪ್ ಅವರನ್ನು ಗೆಲ್ಲಿಸಿದ ಮತದಾರರೇ ಅವರದೇ ರಿಪಬ್ಲಿಕನ್ ಪಕ್ಷದ ಬೇರೆ ವಿವಾದಿತ ಅಭ್ಯರ್ಥಿಗಳನ್ನು ಸೋಲಿಸಿಯೂ ಇದ್ದಾರೆ. ಇದು ಯಾಕೆ ಹೀಗಾಯಿತು ಎಂದು ನೋಡಿದರೆ ಒಗಟು ಬಿಡಿಸಿಕೊಳ್ಳುತ್ತದೆ.

ಕಾನೂನು ಅಡ್ಡ ಬರಲಿಲ್ಲ

ಮೊದಲು ಕಾನೂನಿನ ವಿಷಯ. ಅಮೆರಿಕದ ಅಧ್ಯಕ್ಷರಾಗಲು ಅಲ್ಲಿನ ಸಂವಿಧಾನ ಕೇಳುವ ಅರ್ಹತೆ ಮೂರೇ: ಹುಟ್ಟಿನಿಂದ ನಾಗರಿಕರಾಗಿರಬೇಕು, 35 ವರ್ಷ ತುಂಬಿರಬೇಕು, ದೇಶದಲ್ಲಿ 14 ವರ್ಷ ವಾಸವಾಗಿರಬೇಕು. ಕ್ರಿಮಿನಲ್ ಶಿಕ್ಷೆಯ ಪ್ರಸ್ತಾಪವೇ ಅಲ್ಲಿಲ್ಲ. 1920ರಲ್ಲಿ ಸೋಷಲಿಸ್ಟ್ ಪಕ್ಷದ ಯೂಜೀನ್ ಡೆಬ್ಸ್ ಅಟ್ಲಾಂಟಾದ ಜೈಲಿನೊಳಗಿಂದಲೇ ಸ್ಪರ್ಧಿಸಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದಿದ್ದರು.

ನಮ್ಮಲ್ಲಿ ಹಾಗಿಲ್ಲ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಶಾಸಕ, ಸಂಸದ ಸ್ಥಾನ ಹೋಗುತ್ತದೆ. ಬಿಡುಗಡೆಯ ನಂತರವೂ ಆರು ವರ್ಷ ಸ್ಪರ್ಧಿಸುವಂತಿಲ್ಲ. 2019ರಲ್ಲಿ ಕೋಲಾರದಲ್ಲಿ ಮಾಡಿದ ಭಾಷಣಕ್ಕಾಗಿ ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ರಾಹುಲ್ ಗಾಂಧಿಯವರಿಗೆ ಎರಡು ವರ್ಷ ಶಿಕ್ಷೆ ವಿಧಿಸಿದಾಗ ಮರುದಿನವೇ ಅವರ ಲೋಕಸಭಾ ಸದಸ್ಯತ್ವ ರದ್ದಾಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲಷ್ಟೇ ಅದು ವಾಪಸ್ ಬಂತು. ಸೂರತ್ ತೀರ್ಪು ಬಂದ ಒಂದು ವಾರಕ್ಕೆ, ಮಾರ್ಚ್ 30ರಂದು, ನ್ಯೂಯಾರ್ಕಿನಲ್ಲಿ ಟ್ರಂಪ್ ಮೇಲೆ ಮೊದಲ ಕ್ರಿಮಿನಲ್ ದೋಷಾರೋಪ ಹೊರಬಿತ್ತು. ಅವರ ಉಮೇದುವಾರಿಕೆಗೆ ಅದರಿಂದ ಕೂದಲೂ ಕೊಂಕಲಿಲ್ಲ.

ಒಂದು ಪ್ರಯತ್ನವೇನೋ ನಡೆಯಿತು. 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನದ ಮೇಲೆ ದಾಳಿ ಮಾಡಿದ್ದು ಅದರ ಹಿನ್ನೆಲೆ. ದಂಗೆಯಲ್ಲಿ ಭಾಗಿಯಾದವರು ಅಧಿಕಾರ ಹಿಡಿಯಬಾರದು ಎನ್ನುವ 14ನೇ ತಿದ್ದುಪಡಿಯ ಮೂರನೇ ಸೆಕ್ಷನ್ ಆಧರಿಸಿ ಕೊಲರಾಡೊ ರಾಜ್ಯದ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಟ್ರಂಪ್ ಹೆಸರನ್ನು ಮತಪತ್ರದಿಂದ ತೆಗೆಯಲು ಹೇಳಿತು. 2024ರ ಮಾರ್ಚ್ 4ರಂದು ದೇಶದ ಸುಪ್ರೀಂ ಕೋರ್ಟ್ ಅದನ್ನು ಸರ್ವಾನುಮತದಿಂದ ತಳ್ಳಿಹಾಕಿತು. ಕೇಂದ್ರದ ಹುದ್ದೆಗೆ ನಿಂತವರನ್ನು ರಾಜ್ಯವೊಂದು ಹೀಗೆ ಅನರ್ಹಗೊಳಿಸುವಂತಿಲ್ಲ ಎಂದಿತು. ಅಲ್ಲಿಗೆ ಪ್ರಶ್ನೆ ಕೋರ್ಟಿನ ಕೈ ಬಿಟ್ಟು ಮತದಾರರ ಕೈಗೆ ಬಂತು.

ಕೇಸೇ ಪ್ರಚಾರವಾದ ಬಗೆ

ನ್ಯೂಯಾರ್ಕಿನ ಪ್ರಕರಣ ಇಷ್ಟು: 2016ರ ಚುನಾವಣೆಗೆ ಮುನ್ನ ನೀಲಿಚಿತ್ರ ನಟಿ ಸ್ಟಾರ್ಮಿ ಡೇನಿಯಲ್ಸ್ ಬಾಯಿ ಬಿಡದಂತೆ ಟ್ರಂಪ್ ಅವರ ವಕೀಲ ಮೈಕೆಲ್ ಕೋಹೆನ್ 1,30,000 ಡಾಲರ್ ಕೊಟ್ಟಿದ್ದರು. ಆ ಹಣವನ್ನು ಕೋಹೆನ್‌ಗೆ ತೀರಿಸುವಾಗ ಕಂಪನಿಯ ಲೆಕ್ಕಪತ್ರದಲ್ಲಿ ವಕೀಲರ ಶುಲ್ಕ ಎಂದು ತೋರಿಸಲಾಗಿತ್ತು. ಆ ಸುಳ್ಳು ಲೆಕ್ಕದ ಒಂದೊಂದು ದಾಖಲೆಗೂ ಒಂದೊಂದು ಆರೋಪ, ಒಟ್ಟು 34. ಅದೇ 2023ರಲ್ಲಿ ಇನ್ನೂ ಮೂರು ಕೇಸುಗಳು ಬಿದ್ದವು: ರಹಸ್ಯ ಕಡತಗಳನ್ನು ಫ್ಲಾರಿಡಾದ ಮನೆಯಲ್ಲಿಟ್ಟುಕೊಂಡದ್ದು, 2020ರ ಫಲಿತಾಂಶ ಬುಡಮೇಲು ಮಾಡಲು ಯತ್ನಿಸಿದ್ದು, ಜಾರ್ಜಿಯಾ ರಾಜ್ಯದಲ್ಲಿ ಅದೇ ಬಗೆಯ ಇನ್ನೊಂದು.

2022ರ ಕೊನೆಗೆ ಟ್ರಂಪ್ ಸ್ಥಿತಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಅವರು ಬೆನ್ನಿಗೆ ನಿಂತಿದ್ದ ಹಲವರು, ಅಧ್ಯಕ್ಷರ ಅವಧಿಯ ನಡುವೆ ಸಂಸತ್ತು ಮತ್ತು ಗವರ್ನರ್ ಸ್ಥಾನಗಳಿಗೆ ನಡೆಯುವ ಮಧ್ಯಂತರ ಚುನಾವಣೆಯಲ್ಲಿ ಸೋತಿದ್ದರು. ಫ್ಲಾರಿಡಾ ಗವರ್ನರ್ ರಾನ್ ಡಿಸ್ಯಾಂಟಿಸ್ ಸುಮಾರು 19 ಶೇಕಡಾ ಅಂಕಗಳ ಅಂತರದಲ್ಲಿ ಮರು ಆಯ್ಕೆಯಾಗಿ, ಪಕ್ಷದ ಮುಂದಿನ ನಾಯಕ ಇವರೇ ಎಂಬ ಮಾತು ಜೋರಾಗಿತ್ತು. ಮೊದಲ ದೋಷಾರೋಪ ಬಂದ ಮೇಲೆ ಈ ಗಾಳಿ ತಿರುಗಿತು. ರಿಪಬ್ಲಿಕನ್ ಮತದಾರರ ನಡುವೆ ಟ್ರಂಪ್ ಮುನ್ನಡೆ ಹಿಗ್ಗುತ್ತ ಹೋಯಿತು.

ಕಾರಣ ಹುಡುಕಲು ತೀರಾ ದೂರ ಹೋಗಬೇಕಿಲ್ಲ. ನ್ಯೂಯಾರ್ಕ್ ಕೇಸು ಹೂಡಿದ ಮ್ಯಾನ್‌ಹಟನ್ನಿನ ಪ್ರಾಸಿಕ್ಯೂಟರ್ ಆಲ್ವಿನ್ ಬ್ರಾಗ್ ಡೆಮಾಕ್ರಟಿಕ್ ಪಕ್ಷದಿಂದ ಚುನಾಯಿತರಾದವರು. ಜಾರ್ಜಿಯಾ ಕೇಸು ಹೂಡಿದ ಫಾನಿ ವಿಲ್ಲಿಸ್ ಕೂಡ ಅದೇ ಪಕ್ಷದವರು. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಲ್ಲಾ ಮಟ್ಟದ ಸರ್ಕಾರಿ ವಕೀಲರು ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಂತು ಗೆದ್ದು ಬರುತ್ತಾರೆ. ಹಾಗಾಗಿ "ಇದು ವಿರೋಧಿಗಳು ಹೂಡಿದ ಕೇಸು" ಎನ್ನುವ ಮಾತು ರಿಪಬ್ಲಿಕನ್ ಮತದಾರರ ಕಿವಿಗೆ ಸುಲಭವಾಗಿ ಹೊಕ್ಕಿತು. ಆರೋಪಗಳಲ್ಲಿ ಹುರುಳಿದೆಯೇ ಎಂಬುದು ಹಿಂದಕ್ಕೆ ಸರಿದು, ನಮ್ಮವರ ಮೇಲೆ ಅವರು ಬಿದ್ದಿದ್ದಾರೆ ಎಂಬ ಭಾವನೆ ಮುಂದೆ ಬಂತು. 2023ರ ಆಗಸ್ಟ್ 24ರಂದು ಅಟ್ಲಾಂಟಾದ ಫುಲ್ಟನ್ ಕೌಂಟಿ ಜೈಲಿನಲ್ಲಿ ಟ್ರಂಪ್ ಅವರ ಆರೋಪಿ ಫೋಟೊ ತೆಗೆದರು. ಬೇರೆಯವರಾಗಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಟ್ರಂಪ್ ತಂಡ ಅದನ್ನು ಟೀ ಶರ್ಟು, ಮಗ್ಗುಗಳ ಮೇಲೆ ಅಚ್ಚು ಹಾಕಿಸಿ ಮಾರಿತು. ಕೆಲವೇ ದಿನಗಳಲ್ಲಿ 70 ಲಕ್ಷ ಡಾಲರ್‌ಗೂ ಹೆಚ್ಚು ಬಂದಿದೆ ಎಂದು ಹೇಳಿಕೊಂಡಿತು.

ಪ್ರತಿಸ್ಪರ್ಧಿಗಳ ಕೈಯನ್ನೂ ಇದು ಕಟ್ಟಿಹಾಕಿತು. ಫೋಟೊ ತೆಗೆಯುವ ಹಿಂದಿನ ದಿನವಷ್ಟೇ ಮಿಲ್ವಾಕಿಯಲ್ಲಿ ರಿಪಬ್ಲಿಕನ್ ಆಕಾಂಕ್ಷಿಗಳ ಮೊದಲ ಚರ್ಚೆ ನಡೆದಿತ್ತು. ಟ್ರಂಪ್ ಬಂದಿರಲಿಲ್ಲ. ಅವರು ಅಪರಾಧಿ ಎಂದು ಸಾಬೀತಾದರೂ, ಪಕ್ಷದ ಅಭ್ಯರ್ಥಿಯಾದರೆ ಬೆಂಬಲಿಸುವಿರಾ, ಇದ್ದರೆ ಕೈ ಎತ್ತಿ ಎಂದು ನಿರೂಪಕರು ಕೇಳಿದರು. ವೇದಿಕೆಯ ಮೇಲಿದ್ದ ಎಂಟು ಜನರಲ್ಲಿ ಆರು ಜನ ಕೈ ಎತ್ತಿದರು. ವಿವೇಕ್ ರಾಮಸ್ವಾಮಿ ತಡಮಾಡದೆ ಎತ್ತಿದರು. ಡಿಸ್ಯಾಂಟಿಸ್ ಅಕ್ಕಪಕ್ಕ ನೋಡಿ ಆಮೇಲೆ ಎತ್ತಿದರು. ಎದುರಾಳಿಗಳೇ "ಶಿಕ್ಷೆಯಾದರೂ ನಾವು ಅವರ ಜೊತೆ" ಎಂದ ಮೇಲೆ ಸಾಮಾನ್ಯ ಕಾರ್ಯಕರ್ತನಿಗೆ ಹಿಂದೆ ಸರಿಯಲು ಕಾರಣ ಎಲ್ಲಿಂದ ಬರಬೇಕು? ನನ್ನ ದೃಷ್ಟಿಯಲ್ಲಿ ಇಡೀ ಪ್ರಚಾರದ ದಿಕ್ಕನ್ನು ನಿರ್ಧರಿಸಿದ ಗಳಿಗೆ ಅದು. ಮತದಾರರ ಮನಸ್ಸು ತಾನಾಗಿ ರೂಪುಗೊಳ್ಳುವುದಿಲ್ಲ. ತಾವು ನಂಬುವ ನಾಯಕರು ಯಾವುದನ್ನು ತಪ್ಪು ಎನ್ನುತ್ತಾರೆ, ಯಾವುದನ್ನು ನುಂಗಿಕೊಳ್ಳುತ್ತಾರೆ ಎಂಬುದನ್ನು ಅವರು ಗಮನಿಸುತ್ತಾರೆ.

2024ರ ಜನವರಿ 15ರಂದು ಅಯೋವಾದ ಕಾಕಸ್‌ನಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆಗಳಲ್ಲಿ, ಟ್ರಂಪ್ 51% ಮತ ಪಡೆದರು. ಒಳಗೆ ಹೋಗುವಾಗ ಮಾತಾಡಿಸಿದಾಗ, ಶಿಕ್ಷೆಯಾದರೂ ಅವರು ಅಧ್ಯಕ್ಷರಾಗಲು ಯೋಗ್ಯರು ಎಂದವರು ಸುಮಾರು ಮೂರನೇ ಎರಡರಷ್ಟು. ಮೇ 30ರಂದು ಜ್ಯೂರಿ ತೀರ್ಪು ಬಂದ ರಾತ್ರಿ ದೇಣಿಗೆ ಕೊಡುವವರ ನೂಕುನುಗ್ಗಲಿಗೆ ವೆಬ್‌ಸೈಟ್ ಕುಸಿಯಿತು. 24 ಗಂಟೆಗಳಲ್ಲಿ 5.28 ಕೋಟಿ ಡಾಲರ್ ಆನ್‌ಲೈನ್ ದೇಣಿಗೆ ಬಂತು ಎಂದು ಪ್ರಚಾರ ತಂಡ ಪ್ರಕಟಿಸಿತು.

ಮೆಚ್ಚದೆಯೂ ಹಾಕಿದ ಮತ

ಇಷ್ಟು ಕಟ್ಟಾ ಬೆಂಬಲಿಗರ ಮಾತಾಯಿತು. ಆದರೆ ಅಭಿಮಾನಿಗಳ ಮತವೊಂದರಿಂದಲೇ ಯಾರೂ ಅಧ್ಯಕ್ಷರಾಗುವುದಿಲ್ಲ. 2016ರ ಮತಗಟ್ಟೆ ಸಮೀಕ್ಷೆಯಲ್ಲಿ ಸುಮಾರು 60% ಮತದಾರರು ಟ್ರಂಪ್ ಬಗ್ಗೆ ತಮಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದಿದ್ದರು. ಆದರೂ ಗೆದ್ದರು. ಹೇಗೆಂದರೆ, ಟ್ರಂಪ್ ಮತ್ತು ಹಿಲರಿ ಕ್ಲಿಂಟನ್ ಇಬ್ಬರನ್ನೂ ಇಷ್ಟಪಡದವರು 18% ಇದ್ದರು. ಅತ್ತ ದರಿ ಇತ್ತ ಪುಲಿ ಎನ್ನುವಂಥ ಸ್ಥಿತಿ ಅವರದು. ಅವರಲ್ಲಿ 47% ಟ್ರಂಪ್ ಕಡೆಗೆ, 30% ಕ್ಲಿಂಟನ್ ಕಡೆಗೆ ಹೋದರು. ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಗೆಲುವಿನ ಅಂತರ 78,000 ಮತಗಳಷ್ಟೂ ಇರಲಿಲ್ಲ. ಒಟ್ಟು ಮತಗಳಲ್ಲಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಮುಂದಿದ್ದರೂ ರಾಜ್ಯವಾರು ಪ್ರತಿನಿಧಿಗಳ ಮತ ಎಣಿಸುವ ಎಲೆಕ್ಟೋರಲ್ ಕಾಲೇಜಿನ ಲೆಕ್ಕದಲ್ಲಿ ಸೋತರು.

ಆ ಚುನಾವಣೆಗೆ ಒಂದು ತಿಂಗಳಿರುವಾಗ, ಅಕ್ಟೋಬರ್ 7ರಂದು, ಹೆಂಗಸರ ಬಗ್ಗೆ ಟ್ರಂಪ್ ಆಡಿದ ಅಸಹ್ಯ ಮಾತುಗಳ ಹಳೆಯ ರೆಕಾರ್ಡಿಂಗ್ ಹೊರಬಂದಿತ್ತು. ಅವರದೇ ಪಕ್ಷದ ಸೆನೆಟರ್ ಜಾನ್ ಮೆಕೇನ್ ಬೆಂಬಲ ವಾಪಸ್ ಪಡೆದರು. ಸ್ಪೀಕರ್ ಪಾಲ್ ರಯಾನ್ ವಿಸ್ಕಾನ್ಸಿನ್ನಿನ ತಮ್ಮ ಕಾರ್ಯಕ್ರಮಕ್ಕೆ ಟ್ರಂಪ್ ಬರುವುದು ಬೇಡವೆಂದರು. ನ್ಯೂ ಹ್ಯಾಂಪ್‌ಶೈರ್‌ನ ರಿಪಬ್ಲಿಕನ್ ಸೆನೆಟರ್ ಕೆಲ್ಲಿ ಅಯಾಟ್ ತಾವು ಟ್ರಂಪ್‌ಗೆ ಮತ ಹಾಕುವುದಿಲ್ಲ ಎಂದು ಘೋಷಿಸಿದರು. ನವೆಂಬರಿನಲ್ಲಿ ಟ್ರಂಪ್ ಗೆದ್ದರು. ಅಯಾಟ್ ಸುಮಾರು ಸಾವಿರ ಮತಗಳಿಂದ ಸೋತರು. ಅವರ ಸೋಲಿಗೆ ಇದೊಂದೇ ಕಾರಣ ಎನ್ನಲಾಗದು. ಆದರೆ ಉಳಿದ ರಿಪಬ್ಲಿಕನ್ ನಾಯಕರು ಅದರಿಂದ ಕಲಿತ ಪಾಠ ಸ್ಪಷ್ಟ, ಮಿಲ್ವಾಕಿಯಲ್ಲಿ ಎದ್ದ ಕೈಗಳಲ್ಲಿ ಅದು ಕಾಣುತ್ತದೆ.

ಮೆಚ್ಚದವರೂ ಮತ ಹಾಕಿದ್ದೇಕೆ? 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ತೀರಿಕೊಂಡಿದ್ದರು. ಒಬಾಮಾ ಸೂಚಿಸಿದ ಹೆಸರನ್ನು ರಿಪಬ್ಲಿಕನ್ ಬಹುಮತದ ಸೆನೆಟ್ ಚರ್ಚೆಗೇ ತೆಗೆದುಕೊಳ್ಳದೆ ಖಾಲಿ ಕುರ್ಚಿಯನ್ನು ಚುನಾವಣೆಯವರೆಗೆ ಹಾಗೇ ಇಟ್ಟಿತು. ತಾವು ಗೆದ್ದರೆ ಯಾರನ್ನು ನೇಮಿಸುತ್ತೇನೆ ಎಂಬ ಪಟ್ಟಿಯನ್ನು ಟ್ರಂಪ್ ಮೇ ತಿಂಗಳಲ್ಲೇ ಬಿಡುಗಡೆ ಮಾಡಿದರು. ಗರ್ಭಪಾತ ನಿಲ್ಲಬೇಕೆಂದು ದಶಕಗಳಿಂದ ಹೋರಾಡುತ್ತಿದ್ದ ಕ್ರೈಸ್ತ ಮತದಾರರಿಗೆ ಅಭ್ಯರ್ಥಿಯ ನಡತೆ ಒಂದು ಕಡೆ, ಮುಂದಿನ ಮೂವತ್ತು ವರ್ಷ ಕೂರಲಿರುವ ನ್ಯಾಯಮೂರ್ತಿಗಳು ಇನ್ನೊಂದು ಕಡೆ. ಸುಪ್ರೀಂ ಕೋರ್ಟ್ ನೇಮಕವೇ ತಮಗೆ ಎಲ್ಲಕ್ಕಿಂತ ಮುಖ್ಯ ಎಂದ 21% ಮತದಾರರಲ್ಲಿ ಹೆಚ್ಚಿನವರು ಟ್ರಂಪ್ ಪರ ನಿಂತರು. ಅವರ ಲೆಕ್ಕ ಫಲ ಕೊಟ್ಟಿತು ಕೂಡ: ಟ್ರಂಪ್ ನೇಮಿಸಿದ ಗೋರ್ಸಚ್, ಕ್ಯಾವನಾ, ಬ್ಯಾರೆಟ್ ಮೂವರೂ ಸುಪ್ರೀಂ ಕೋರ್ಟಿಗೆ ಬಂದರು, 2022ರ ಜೂನ್ 24ರಂದು ಗರ್ಭಪಾತದ ಸಾಂವಿಧಾನಿಕ ಹಕ್ಕು ಹೋಯಿತು. ಮೂಗು ಮುಚ್ಚಿಕೊಂಡು ಮತ ಹಾಕಿದವರಿಗೆ ತಾವು ಕೇಳಿದ್ದು ಸಿಕ್ಕಿತು. ಮುಂದಿನ ಸಲ ಮೂಗು ಮುಚ್ಚಿಕೊಳ್ಳುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಅದೇ ಜನ, ಬೇರೆ ತೀರ್ಮಾನ

ಈಗ ಅಲಬಾಮಾಕ್ಕೆ ಬನ್ನಿ. 2016ರಲ್ಲಿ ಟ್ರಂಪ್ ಸುಮಾರು 28 ಶೇಕಡಾ ಅಂಕಗಳಿಂದ ಗೆದ್ದ ರಾಜ್ಯ ಇದು. 2017ರ ಡಿಸೆಂಬರಿನಲ್ಲಿ ಅಲ್ಲೊಂದು ಸೆನೆಟ್ ಉಪಚುನಾವಣೆ ನಡೆಯಿತು. ರಿಪಬ್ಲಿಕನ್ ಅಭ್ಯರ್ಥಿ ರಾಯ್ ಮೂರ್ ರಾಜ್ಯದ ಮಾಜಿ ಮುಖ್ಯ ನ್ಯಾಯಮೂರ್ತಿ, ಧಾರ್ಮಿಕ ಮತದಾರರ ಅಚ್ಚುಮೆಚ್ಚಿನವರು. ಮತದಾನಕ್ಕೆ ಒಂದು ತಿಂಗಳಿರುವಾಗ, ಅವರು ಮೂವತ್ತರ ಹರೆಯದಲ್ಲಿ ಹದಿಹರೆಯದ ಹುಡುಗಿಯರ ಬೆನ್ನು ಬಿದ್ದಿದ್ದರು, 14 ವರ್ಷದವಳೊಬ್ಬಳ ಜೊತೆ ಅನುಚಿತವಾಗಿ ವರ್ತಿಸಿದ್ದರು ಎಂಬ ಆರೋಪಗಳು ಪತ್ರಿಕೆಯಲ್ಲಿ ಬಂದವು. ಮೂರ್ ಅಲ್ಲಗಳೆದರು. ಟ್ರಂಪ್ ಅವರ ಪರ ನಿಂತರು.

ಅಲ್ಲಿನ ಹಿರಿಯ ರಿಪಬ್ಲಿಕನ್ ಸೆನೆಟರ್ ರಿಚರ್ಡ್ ಶೆಲ್ಬಿ ಮಾತ್ರ, ತಾನು ಮೂರ್‌ಗೆ ಮತ ಹಾಕಲಿಲ್ಲ, ಮತಪತ್ರದಲ್ಲಿ ಬೇರೊಬ್ಬ ರಿಪಬ್ಲಿಕನ್ ಹೆಸರು ಬರೆದೆ ಎಂದು ಬಹಿರಂಗವಾಗಿ ಹೇಳಿದರು. ಅಮೆರಿಕದಲ್ಲಿ ಪಟ್ಟಿಯಲ್ಲಿಲ್ಲದ ಹೆಸರನ್ನು ಕೈಯಾರೆ ಬರೆದು ಮತ ಹಾಕಲು ಅವಕಾಶವಿದೆ. ಎಣಿಕೆ ಮುಗಿದಾಗ ಡೆಮಾಕ್ರಟ್ ಡಗ್ ಜೋನ್ಸ್ 21,924 ಮತಗಳಿಂದ ಗೆದ್ದಿದ್ದರು. ಹಾಗೆ ಹೆಸರು ಬರೆದು ಹಾಕಿದ ಮತಗಳು 22,852. ಗೆಲುವಿನ ಅಂತರಕ್ಕಿಂತ ಸ್ವಲ್ಪ ಹೆಚ್ಚು! ಕಪ್ಪು ಸಮುದಾಯದ ಮತದಾರರು ದೊಡ್ಡ ಸಂಖ್ಯೆಯಲ್ಲಿ ಬಂದು ಜೋನ್ಸ್ ಕೈ ಹಿಡಿದದ್ದು ಗೆಲುವಿನ ಬೆನ್ನೆಲುಬು. ಅದರ ಜೊತೆಗೆ, ಡೆಮಾಕ್ರಟರಿಗೆ ಮತ ಹಾಕಲಾರದ, ಮೂರ್ ಅವರನ್ನೂ ಒಪ್ಪಲಾರದ ಸಾವಿರಾರು ಜನರಿಗೆ ಶೆಲ್ಬಿ ಒಂದು ಮೂರನೇ ದಾರಿ ತೋರಿಸಿದ್ದರು. ಪಕ್ಷ ಬಿಡದೆಯೇ ಅಭ್ಯರ್ಥಿಯನ್ನು ಬಿಡುವ ದಾರಿ ಅದು.

ಇನ್ನೂ ಇತ್ತೀಚಿನದು ನಾರ್ತ್ ಕ್ಯಾರೊಲಿನಾ. 2024ರ ನವೆಂಬರ್ 5ರಂದು ಅಲ್ಲಿನ ಮತದಾರರು ಒಂದೇ ಮತಪತ್ರದಲ್ಲಿ ಅಧ್ಯಕ್ಷರನ್ನೂ ಗವರ್ನರ್ ಅನ್ನೂ ಆರಿಸಿದರು. ಗವರ್ನರ್ ಸ್ಥಾನಕ್ಕೆ ನಿಂತಿದ್ದ ರಿಪಬ್ಲಿಕನ್ ಮಾರ್ಕ್ ರಾಬಿನ್ಸನ್, ಅಶ್ಲೀಲ ಜಾಲತಾಣವೊಂದರ ಚರ್ಚಾಪುಟದಲ್ಲಿ ವರ್ಷಗಳ ಹಿಂದೆ ಹೀನಾಯ ಮಾತುಗಳನ್ನು ಬರೆದಿದ್ದರು ಎಂದು ಸೆಪ್ಟೆಂಬರಿನಲ್ಲಿ ವರದಿಯಾಯಿತು. ಅದು ತಮ್ಮ ಬರಹವಲ್ಲ ಎಂದು ಅವರು ವಾದಿಸಿದರು. ಫಲಿತಾಂಶ ನೋಡಿ: ಟ್ರಂಪ್ ಆ ರಾಜ್ಯವನ್ನು ಮೂರು ಅಂಕಗಳ ಅಂತರದಲ್ಲಿ ಗೆದ್ದರು, ರಾಬಿನ್ಸನ್ ಸುಮಾರು 15 ಅಂಕಗಳಿಂದ ಸೋತರು. ಟ್ರಂಪ್ ಪಡೆದದ್ದಕ್ಕಿಂತ ಆರು ಲಕ್ಷಕ್ಕೂ ಹೆಚ್ಚು ಮತ ರಾಬಿನ್ಸನ್‌ಗೆ ಕಡಿಮೆ ಬಿತ್ತು. ಕ್ರಿಮಿನಲ್ ತೀರ್ಪು ಇದ್ದವರಿಗೆ ಮತ ಹಾಕಿ, ತೀರ್ಪಿಲ್ಲದೆ ಬರೀ ಆರೋಪ ಇದ್ದವರನ್ನು ಬಿಟ್ಟ ಲಕ್ಷಾಂತರ ಜನ ಒಂದೇ ರಾಜ್ಯದಲ್ಲಿ, ಒಂದೇ ದಿನ ಕಾಣಸಿಗುತ್ತಾರೆ.

ಇದರಿಂದ ತಿಳಿಯುವುದೇನೆಂದರೆ, ಆರೋಪ ಎಷ್ಟು ಗಂಭೀರ ಎಂಬುದೊಂದರಿಂದಲೇ ಮತ ಕದಲುವುದಿಲ್ಲ. ಈ ಅಭ್ಯರ್ಥಿಯನ್ನು ಕೈಬಿಟ್ಟರೆ ತಾನು ಏನು ಕಳೆದುಕೊಳ್ಳುತ್ತೇನೆ ಎಂದು ಮತದಾರ ಕೇಳಿಕೊಳ್ಳುತ್ತಾನೆ. ರಾಜ್ಯಕ್ಕೆ ಎದುರು ಪಕ್ಷದ ಗವರ್ನರ್ ಬಂದರೆ ಸಹಿಸಿಕೊಳ್ಳಬಹುದು. ರಿಪಬ್ಲಿಕನ್ ಶಾಸನಸಭೆ ಅವರನ್ನು ಹಿಡಿದಿಡುತ್ತದೆ. ಒಂದು ಸೆನೆಟ್ ಸ್ಥಾನ ಹೋದರೂ ಮೂರು ವರ್ಷಕ್ಕೆ ವಾಪಸ್ ಪಡೆಯಬಹುದು. ಅಧ್ಯಕ್ಷ ಸ್ಥಾನ ಹೋದರೆ ಸುಪ್ರೀಂ ಕೋರ್ಟು, ಗಡಿ, ತೆರಿಗೆ, ಸೈನ್ಯ ಎಲ್ಲವೂ ನಾಲ್ಕು ವರ್ಷ ಎದುರಾಳಿಯ ಕೈಗೆ. ಬಿಡುವ ಬೆಲೆ ಏರಿದಷ್ಟೂ ಕ್ಷಮಿಸುವ ಮನಸ್ಸು ಹಿಗ್ಗುತ್ತದೆ.

ಡೆಮಾಕ್ರಟರು ಇದಕ್ಕೆ ಹೊರತಲ್ಲ. 1987ರಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಗ್ಯಾರಿ ಹಾರ್ಟ್ ಪರಸ್ತ್ರೀ ಸಂಬಂಧದ ಸುದ್ದಿ ಹೊರಬಿದ್ದು ಒಂದೇ ವಾರದೊಳಗೆ ಕಣದಿಂದ ಹಿಂದೆ ಸರಿದರು. ಅದು ಪಕ್ಷದೊಳಗಿನ ಸ್ಪರ್ಧೆ, ಬೇರೆ ಆಕಾಂಕ್ಷಿಗಳು ಬೇಕಾದಷ್ಟಿದ್ದರು. 1998ರ ಡಿಸೆಂಬರಿನಲ್ಲಿ ಬಿಲ್ ಕ್ಲಿಂಟನ್ ಮೇಲೆ ಮಹಾಭಿಯೋಗ ಬಂದಾಗ ಆರ್ಥಿಕತೆ ಚೆನ್ನಾಗಿತ್ತು, ಅಧಿಕಾರ ಕೈಯಲ್ಲಿತ್ತು; ಗ್ಯಾಲಪ್ ಸಮೀಕ್ಷೆಯಲ್ಲಿ ಅವರ ಜನಪ್ರಿಯತೆ 73% ಮುಟ್ಟಿತು.

ತೀರ್ಪಿಗಿಂತ ಜೋರಾಗಿ ಕೇಳಿಸಿದ ದಿನಸಿ ಬೆಲೆ

ಹಾಗಾದರೆ ಜ್ಯೂರಿ ತೀರ್ಪು ಏನೂ ಮಾಡಲಿಲ್ಲವೇ? ಸ್ವಲ್ಪ ಮಾಡಿತು. ನ್ಯೂಯಾರ್ಕ್ ಟೈಮ್ಸ್ ಮತ್ತು ಸಿಯೆನಾ ಕಾಲೇಜು ಮೊದಲೇ ಮಾತಾಡಿಸಿದ್ದ ಸುಮಾರು 2,000 ಮತದಾರರನ್ನು ತೀರ್ಪಿನ ನಂತರ ಮತ್ತೆ ಕೇಳಿದಾಗ ಟ್ರಂಪ್ ಮುನ್ನಡೆ ಮೂರು ಅಂಕದಿಂದ ಒಂದಕ್ಕೆ ಇಳಿದಿತ್ತು. ಹಾಗೇ ಉಳಿದಿದ್ದರೆ ಅಷ್ಟೇ ಫಲಿತಾಂಶ ಬದಲಿಸಬಹುದಿತ್ತೇನೋ. ಆದರೆ ಜೂನ್ 27ರ ಚರ್ಚೆಯಲ್ಲಿ ಜೋ ಬೈಡನ್ ತಡವರಿಸಿದರು, ಜುಲೈ 13ರಂದು ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು, ಜುಲೈ 21ರಂದು ಬೈಡನ್ ಕಣದಿಂದಲೇ ಹಿಂದೆ ಸರಿದರು. ಏಳೆಂಟು ವಾರಗಳಲ್ಲಿ ತೀರ್ಪು ಹಳೆಯ ಸುದ್ದಿಯಾಯಿತು.

ಹಳತಾಗದೆ ಉಳಿದದ್ದು ಬೆಲೆ. 2022ರ ಜೂನ್‌ನಲ್ಲಿ ಹಣದುಬ್ಬರ 9.1% ಮುಟ್ಟಿತ್ತು, 40 ವರ್ಷಗಳಲ್ಲೇ ಹೆಚ್ಚು. 2024ರ ಹೊತ್ತಿಗೆ ಅದು 3%ರ ಆಸುಪಾಸಿಗೆ ಇಳಿಯಿತು, ಆರ್ಥಿಕತೆ ಸುಧಾರಿಸಿದೆ ಎಂದು ಸರ್ಕಾರ ಹೇಳಿತು. ಹಣದುಬ್ಬರ ಇಳಿಯಿತೆಂದರೆ ಬೆಲೆ ಇಳಿಯಿತೆಂದಲ್ಲ, ಏರುವ ವೇಗ ಇಳಿಯಿತು ಅಷ್ಟೇ. ಬೈಡನ್ ಅವಧಿಯಲ್ಲಿ ಬೆಲೆಮಟ್ಟ ಒಟ್ಟು ಸುಮಾರು 20% ಏರಿತ್ತು. ಮೊಟ್ಟೆ, ಬಾಡಿಗೆ, ಕಾರು ವಿಮೆ ಯಾವುದೂ ಹಳೆಯ ದರಕ್ಕೆ ಮರಳಲಿಲ್ಲ. ನಾಲ್ಕು ವರ್ಷದ ಹಿಂದಿಗಿಂತ ನಮ್ಮ ಕುಟುಂಬದ ಸ್ಥಿತಿ ಕೆಟ್ಟಿದೆ ಎಂದವರು ಮತಗಟ್ಟೆ ಸಮೀಕ್ಷೆಯಲ್ಲಿ ಸುಮಾರು 45%. ಅವರಲ್ಲಿ ಹತ್ತಕ್ಕೆ ಎಂಟು ಜನ ಟ್ರಂಪ್‌ಗೆ ಮತ ಹಾಕಿದ್ದರು. ಸ್ಟಾರ್ಮಿ ಡೇನಿಯಲ್ಸ್‌ಗೆ ಕೊಟ್ಟ ಹಣದಿಂದ ತಮ್ಮ ಮನೆಗೆ ನಷ್ಟವಾಗಿದೆ ಎಂದು ಯಾವ ಮತದಾರನಿಗೂ ಅನಿಸಿರಲಾರದು. ಅಂಗಡಿಯ ಬಿಲ್ಲು ಮಾತ್ರ ವಾರವಾರವೂ ಕೈಗೆ ಬರುತ್ತಿತ್ತು.

ಅಲ್ಲಿ ನೆಲೆಸಿದ ನಮ್ಮವರೂ ಇದೇ ಲೆಕ್ಕದಲ್ಲಿದ್ದರು. ಕಾರ್ನೆಗಿ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2020ರಲ್ಲಿ ಭಾರತೀಯ ಮೂಲದ ಮತದಾರರಲ್ಲಿ 68% ಬೈಡನ್ ಪರ, 22% ಟ್ರಂಪ್ ಪರ ಇದ್ದರು. 2024ರ ಚುನಾವಣೆಗೆ ಮುನ್ನ 61% ಬೈಡನ್ ಬದಲಿಗೆ ನಿಂತ ಕಮಲಾ ಹ್ಯಾರಿಸ್ ಪರ, 32% ಟ್ರಂಪ್ ಪರ. ತಾಯಿ ಚೆನ್ನೈ ಮೂಲದವರಾದ ಅಭ್ಯರ್ಥಿ ಎದುರಿಗಿದ್ದೂ ಈ ಬದಲಾವಣೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಮಗ ಅಥವಾ ಸೊಸೆ ಟ್ರಂಪ್ ಪರ ಮಾತಾಡಿದ್ದನ್ನು ಕೇಳಿ ಇಲ್ಲಿ ಕಣ್ಣರಳಿಸಿದ ತಂದೆತಾಯಿಯರಿಗೆ ಉತ್ತರ ಈ ಅಂಕಿಗಳಲ್ಲಿದೆ. ಸಮೀಕ್ಷೆಯಲ್ಲಿ ಅವರು ಮೊದಲು ಹೇಳಿದ ಚಿಂತೆಯೂ ಬೆಲೆಯೇರಿಕೆಯೇ.

ಎರಡು ಕಡೆಯ ವಾದ

ಟ್ರಂಪ್ ಮತದಾರರ ವಾದ ಹೀಗಿದೆ. ನ್ಯೂಯಾರ್ಕ್ ಪ್ರಕರಣದಲ್ಲಿ ಲೆಕ್ಕಪತ್ರದ ಸಣ್ಣ ತಪ್ಪನ್ನು ಇನ್ನೊಂದು ಅಪರಾಧಕ್ಕೆ ಜೋಡಿಸಿ ದೊಡ್ಡದು ಮಾಡಿದರು. ಬೇರೆಯವರಾಗಿದ್ದರೆ ಈ ಕೇಸೇ ಬೀಳುತ್ತಿರಲಿಲ್ಲ. ಚುನಾವಣೆಯ ವರ್ಷದಲ್ಲೇ ವಿಚಾರಣೆ ಬಂದದ್ದು ಕಾಕತಾಳೀಯವಲ್ಲ. ಕೇಸಿನ ಕಾನೂನು ತಳಹದಿ ತೆಳುವಾಗಿತ್ತು ಎಂಬ ಮಾತನ್ನು ಟ್ರಂಪ್ ವಿರೋಧಿಗಳಾದ ಕೆಲವು ಕಾನೂನು ಪಂಡಿತರೂ ಆಡಿದ್ದುಂಟು. ವಿರೋಧಿಗಳ ಉತ್ತರ: 12 ಜನ ಸಾಮಾನ್ಯ ನಾಗರಿಕರ ಜ್ಯೂರಿ ಸಾಕ್ಷ್ಯ ಕೇಳಿ ಒಮ್ಮತದಿಂದ ಕೊಟ್ಟ ತೀರ್ಪು ಇದು, ಅದನ್ನು ಪಕ್ಷದ ಕಣ್ಣಿನಿಂದ ನೋಡಿದರೆ ಕೋರ್ಟಿಗೆ ಅರ್ಥವೇ ಇರುವುದಿಲ್ಲ. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ನಡೆದ ದಾಳಿಯ ಮುಂದೆ ಲೆಕ್ಕಪತ್ರದ ಕೇಸು ಚಿಕ್ಕದು, ಆದರೆ ದೊಡ್ಡ ಕೇಸುಗಳು ಮತದಾನಕ್ಕೆ ಮೊದಲು ವಿಚಾರಣೆಗೇ ಬರಲಿಲ್ಲ.

ಈ ಕೊನೆಯ ಮಾತಿನಲ್ಲಿ ತೂಕವಿದೆ. ನಾಲ್ಕು ಕೇಸುಗಳಲ್ಲಿ ಅತ್ಯಂತ ಹಗುರವಾದದ್ದೇ ಮೊದಲು ಕಟಕಟೆಗೆ ಬಂತು. ಅದರ ಬಗ್ಗೆ ಹುಟ್ಟಿದ ಅನುಮಾನ ಉಳಿದ ಮೂರಕ್ಕೂ ಅಂಟಿಕೊಂಡಿತು. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು 2024ರಲ್ಲಿ ನಾಲ್ಕರಲ್ಲಿ ಮೂವರು ಮತದಾರರು ಹೇಳಿದರು. ಡೆಮಾಕ್ರಟರು ಇದು ತಮಗೆ ಅನುಕೂಲ ಎಂದುಕೊಂಡಿದ್ದರು. ಆದರೆ ಹಾಗೆಂದವರು ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿ ಹಂಚಿಹೋದರು. ಅರ್ಧ ಜನರಿಗೆ ಅಪಾಯ ಟ್ರಂಪ್, ಉಳಿದರ್ಧಕ್ಕೆ ಅಪಾಯ ಟ್ರಂಪ್ ಮೇಲಿನ ಕೇಸುಗಳು.

ಯಾರ ಮಾತು ನಂಬಬೇಕು ಎಂಬುದರ ಬಗ್ಗೆಯೇ ಒಮ್ಮತ ಮುರಿದದ್ದು ಇದರ ಹಿಂದಿನ ಕಾರಣ. 1976ರಲ್ಲಿ 72% ಅಮೆರಿಕನ್ನರು ಸುದ್ದಿ ಮಾಧ್ಯಮದ ಮೇಲೆ ವಿಶ್ವಾಸವಿದೆ ಎಂದಿದ್ದರು, 2016ರಲ್ಲಿ 32%. ರಿಪಬ್ಲಿಕನ್ನರಲ್ಲಿ ಬರೀ 14%. ನಂಬದ ಬಾಯಿಂದ ಬಂದ ಆರೋಪ, ಅದೆಷ್ಟೇ ನಿಜವಿರಲಿ, ಕೇಳುವವರ ಪಾಲಿಗೆ ಬೈಗುಳವೇ.

ಬದಲಾದದ್ದು ಅಳತೆಗೋಲು

ನನಗೆ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಕಳವಳ ಹುಟ್ಟಿಸುವ ಅಂಕಿ ಇನ್ನೊಂದಿದೆ. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡವರು ಸಾರ್ವಜನಿಕ ಹುದ್ದೆಯಲ್ಲಿ ನೈತಿಕವಾಗಿ ಕೆಲಸ ಮಾಡಬಲ್ಲರೇ ಎಂದು ಪಿಆರ್‌ಆರ್‌ಐ ಎಂಬ ಸಮೀಕ್ಷಾ ಸಂಸ್ಥೆ 2011ರಲ್ಲಿ ಕೇಳಿತ್ತು. ಸಂಪ್ರದಾಯನಿಷ್ಠ ಪ್ರೊಟೆಸ್ಟೆಂಟರಾದ ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಮಾಡಬಲ್ಲರು ಎಂದವರು 30%, ಎಲ್ಲ ಧಾರ್ಮಿಕ ಗುಂಪುಗಳಲ್ಲೂ ಅತಿ ಕಡಿಮೆ. 2016ರ ಅಕ್ಟೋಬರಿನಲ್ಲಿ ಅದೇ ಪ್ರಶ್ನೆಗೆ 72% ಜನ ಹೌದೆಂದರು. ಐದು ವರ್ಷಗಳಲ್ಲಿ ಧರ್ಮಗ್ರಂಥ ಬದಲಾಗಿರಲಿಲ್ಲ, ಅಭ್ಯರ್ಥಿ ಬದಲಾಗಿದ್ದರು.

ಮೇಲೆ ಹೇಳಿದ ಲಾಭನಷ್ಟದ ಲೆಕ್ಕಕ್ಕಿಂತ ಇದು ಒಂದು ಹೆಜ್ಜೆ ಮುಂದೆ. "ಇವರು ಒಳ್ಳೆಯವರಲ್ಲ, ಆದರೂ ಬೇರೆ ದಾರಿಯಿಲ್ಲ" ಎಂದು ಮತ ಹಾಕುವವನು ತನ್ನ ಮೌಲ್ಯವನ್ನು ಬಿಟ್ಟಿಲ್ಲ, ಅದನ್ನು ಬದಿಗಿಟ್ಟಿದ್ದಾನೆ. ಆದರೆ ಹಾಗೆ ಬದಿಗಿಟ್ಟು ಬಾಳುವುದು ಮನಸ್ಸಿಗೆ ಹಿಂಸೆ. ಕಾಲ ಕಳೆದಂತೆ ಮೌಲ್ಯವನ್ನೇ ತಿದ್ದಿಕೊಂಡರೆ ಹಿಂಸೆ ತಪ್ಪುತ್ತದೆ. ಮೊದಲ ಮತ ಕಷ್ಟದ್ದು, ಎರಡನೆಯದು ಸಲೀಸು, ಮೂರನೆಯದು ಹೆಮ್ಮೆಯದು. ಟ್ರಂಪ್ ಪ್ರಕರಣದಲ್ಲಿ ಮೂರು ಚುನಾವಣೆಗಳ ಉದ್ದಕ್ಕೂ ನಡೆದದ್ದು ಇದೇ ಎಂದು ನಾನು ತಿಳಿಯುತ್ತೇನೆ. ಮತದಾರರನ್ನು ಬೈದು ಇದನ್ನು ನಿಲ್ಲಿಸಲಾಗದು. ಬೈದಷ್ಟೂ ಅವರು ತಮ್ಮ ಆಯ್ಕೆಗೆ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತಾರೆ.

ಮುಂದೇನು

ಪರಿಣಾಮಗಳಲ್ಲಿ ಕೆಲವು ಆಗಲೇ ಕಂಡಿವೆ. ಹಾಲಿ ಅಧ್ಯಕ್ಷರ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎಂಬ ನ್ಯಾಯ ಇಲಾಖೆಯ ಹಳೆಯ ನಿಯಮದಂತೆ, ಚುನಾವಣೆ ಮುಗಿದ ತಿಂಗಳೊಳಗೆ ವಿಶೇಷ ಪ್ರಾಸಿಕ್ಯೂಟರ್ ಜ್ಯಾಕ್ ಸ್ಮಿತ್ ಟ್ರಂಪ್ ಮೇಲಿನ ಎರಡು ಫೆಡರಲ್ ಪ್ರಕರಣಗಳನ್ನು ಕೈಬಿಡಲು ಕೋರ್ಟಿಗೆ ಕೋರಿಕೊಂಡರು. ಅಧಿಕಾರ ಹಿಡಿದ ದಿನವೇ ಟ್ರಂಪ್ ಜನವರಿ 6ರ ದಾಳಿಯ ಸುಮಾರು 1,500 ಆರೋಪಿಗಳಿಗೆ ಕ್ಷಮಾದಾನ ನೀಡಿದರು. ಅಧಿಕೃತ ಕೆಲಸಗಳಿಗೆ ಅಧ್ಯಕ್ಷರಿಗೆ ಕ್ರಿಮಿನಲ್ ಕಾನೂನಿನಿಂದ ರಕ್ಷಣೆ ಇದೆ ಎಂದು 2024ರ ಜುಲೈ 1ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಹೇಳಿಯಾಗಿತ್ತು. ಕೋರ್ಟು ಮತದಾರರ ಕಡೆ ಕೈ ತೋರಿಸಿತು, ಮತದಾರರ ತೀರ್ಪು ಕೋರ್ಟಿನ ಬಾಗಿಲು ಮುಚ್ಚಿತು. ಇದು ಮುಂದಿನ ಅಧ್ಯಕ್ಷರಿಗೂ, ಅವರು ಯಾವ ಪಕ್ಷದವರೇ ಆಗಲಿ, ಸಿದ್ಧ ದಾರಿಯಾಗಿ ಉಳಿಯುತ್ತದೆ.

ಎರಡನೆಯದು ಅಭ್ಯರ್ಥಿಗಳ ನಡವಳಿಕೆ. ಗ್ಯಾರಿ ಹಾರ್ಟ್ ಕಾಲದಲ್ಲಿ ಹಗರಣ ಬಂದರೆ ತಲೆದಂಡ ಖಚಿತ ಎಂಬ ನಂಬಿಕೆಯಿತ್ತು. ಈಗ, ಕ್ಷಮೆ ಕೇಳಬೇಡ, ಹಿಂದೆ ಸರಿಯಬೇಡ, ಆರೋಪ ಹೊರಿಸಿದವರ ಮೇಲೆ ಬೀಳು ಎಂಬುದು ಎರಡೂ ಪಕ್ಷಗಳ ಸಲಹೆಗಾರರು ಕೊಡುವ ಮೊದಲ ಸಲಹೆಯಾಗುವ ಸಾಧ್ಯತೆ ಹೆಚ್ಚು. ಆದರೆ ಎಲ್ಲರಿಗೂ ಅದು ಫಲಿಸುತ್ತದೆ ಎನ್ನಲು ಆಧಾರವಿಲ್ಲ. ಟ್ರಂಪ್ ದಾರಿಯಲ್ಲೇ ನಡೆದ ರಿಪಬ್ಲಿಕನ್ ಕ್ಯಾರಿ ಲೇಕ್ ಅರಿಜೋನಾದಲ್ಲಿ 2022ರಲ್ಲಿ ಗವರ್ನರ್ ಸ್ಥಾನಕ್ಕೂ 2024ರಲ್ಲಿ ಸೆನೆಟ್‌ಗೂ ನಿಂತು ಎರಡೂ ಸಲ ಸೋತರು. ಎರಡನೇ ಸಲವಂತೂ ಟ್ರಂಪ್ ಅದೇ ರಾಜ್ಯ ಗೆದ್ದಿದ್ದರು.

ಟ್ರಂಪ್ ಗೆಲುವಿನ ಗಾತ್ರವನ್ನೂ ಸರಿಯಾಗಿ ನೋಡಬೇಕು. ಎಲೆಕ್ಟೋರಲ್ ಕಾಲೇಜಿನಲ್ಲಿ 312-226, ಆದರೆ ಒಟ್ಟು ಮತದಲ್ಲಿ 49.8% ಎದುರು 48.3%. ಬೆಲೆಯೇರಿಕೆಯ ಸಿಟ್ಟು, ತಡವಾಗಿ ಕಣಕ್ಕಿಳಿದ ಎದುರಾಳಿ, ಜನಪ್ರಿಯತೆ ಕಳೆದುಕೊಂಡ ಆಡಳಿತ, ಇಷ್ಟೆಲ್ಲ ಅನುಕೂಲವಿದ್ದೂ ಅಂತರ ಒಂದೂವರೆ ಅಂಕ. ವಿವಾದಗಳ ಭಾರವಿಲ್ಲದ ರಿಪಬ್ಲಿಕನ್ ಒಬ್ಬರಿದ್ದರೆ ಇನ್ನೂ ದೊಡ್ಡದಾಗಿ ಗೆಲ್ಲುತ್ತಿದ್ದರೇ ಎಂಬ ಪ್ರಶ್ನೆ ಸಹಜ. ಪಕ್ಷದೊಳಗೆ ಟ್ರಂಪ್ ಎದುರು ನಿಂತಿದ್ದ ನಿಕ್ಕಿ ಹೇಲಿ ಮಾರ್ಚ್ 6ರಂದು ಸ್ಪರ್ಧೆ ಬಿಟ್ಟ ಮೇಲೂ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ) ಒಂದೂವರೆ ಲಕ್ಷಕ್ಕೂ ಹೆಚ್ಚು ರಿಪಬ್ಲಿಕನ್ನರು ಅವರ ಹೆಸರಿಗೇ ಮತ ಒತ್ತಿದ್ದರು. ನವೆಂಬರಿನಲ್ಲಿ ಟ್ರಂಪ್ ಆ ರಾಜ್ಯವನ್ನು ಗೆದ್ದ ಅಂತರ ಸುಮಾರು 1,20,000.

22ನೇ ತಿದ್ದುಪಡಿಯ ಪ್ರಕಾರ ಯಾರೂ ಎರಡಕ್ಕಿಂತ ಹೆಚ್ಚು ಸಲ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಹಾಗಾಗಿ 2028ರ ಆರಂಭದ ಪ್ರೈಮರಿಗಳಲ್ಲಿ ರಿಪಬ್ಲಿಕನ್ ಪಕ್ಷ ಟ್ರಂಪ್ ಬದಲು ಬೇರೊಬ್ಬರನ್ನು ಆರಿಸಬೇಕು. ಮತದಾರರು ಪಕ್ಷ ಬಿಡದೆ ಅಭ್ಯರ್ಥಿಯನ್ನು ಬಿಡಬಹುದಾದ, ಬಿಟ್ಟರೂ ಏನನ್ನೂ ಕಳೆದುಕೊಳ್ಳದ ಹಂತ ಅದೊಂದೇ. ಕಳಂಕ ಹೊತ್ತ ಆಕಾಂಕ್ಷಿಯೊಬ್ಬರು ಅಲ್ಲಿಗೆ ಬಂದಾಗ, ಅದೇ ಪಕ್ಷದ ಉಳಿದ ಆಕಾಂಕ್ಷಿಗಳು ವೇದಿಕೆಯ ಮೇಲೆ ಕೈ ಎತ್ತುತ್ತಾರೋ ಇಳಿಸುತ್ತಾರೋ ಎಂಬುದನ್ನು ಮೊದಲು ನೋಡಬೇಕು. ಮತದಾರರ ಸಮೀಕ್ಷೆ ಆಮೇಲೆ.